ಏಳನೆಯ ಕಿಟಕಿ

ಆ ಚಳಿಗಾಲವಿಡೀ ಅವ್ವ ನನ್ನನ್ನು ಮುಂಬಾಗಿಲಿನಿಂದ ಒಳಗೆ ಬಿಡಲಿಲ್ಲ. ಹಿತ್ತಲಿನ ಬಚ್ಚಲಲ್ಲಿ ಹಂಡೆ ಕಾದಿರುತ್ತಿತ್ತು. ಸೈಕಲ್ಲನ್ನು ಗೋಡೆಗೆ ಆನಿಸಿ, ಉಟ್ಟ ಸೀರೆಯನ್ನು ಕುದಿಯುವ ನೀರಿಗೆ ಹಾಕಿ, ತಲೆಗೆ ಸೀಗೆಪುಡಿ ತಿಕ್ಕಿಕೊಂಡು ಮಿಂದ ಮೇಲೆಯೇ ನನಗೆ ರೊಟ್ಟಿ.

"ಊರ ಮಂದಿ ಪ್ಲೇಗಿಗೆ ಹೆದರಿ ಓಡಿ ಹೋಗತಾರ. ನನ್ನ ಮಗಳು ಸೈಕಲ್ ಮ್ಯಾಲೆ ಕೂತು ಅದರ ಮನಿಗೇ ಹೋಗತಾಳ" ಎಂದು ಅವ್ವ ಬಾಗಿಲ ಆಚೆಯಿಂದ ಗೊಣಗುತ್ತಿದ್ದಳು.

"ಹೋಗಿ ತಿರುಗಿ ಬರತೀನಲ್ಲವಾ."

"ನಿನ್ನ ನಾಲಿಗಿಗೆ ಹೆದರಿ ಅದು ನಿನ್ನ ತಂಟೆಗೆ ಬಂದಿಲ್ಲ, ಅಷ್ಟ."

ಅವ್ವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನನ್ನ ನಾಲಿಗೆ ಚಿಕ್ಕಂದಿನಿಂದಲೂ ನನಗಿಂತ ಒಂದು ಹೆಜ್ಜೆ ಮುಂದೆ. 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂಬ ಗಾದೆಯನ್ನು ನನಗೆ ಹೇಳಿ ಹೇಳಿಯೇ ಅವಳು ಸವೆಸಿಬಿಟ್ಟಿದ್ದಳು. ನಾನು ನಕ್ಕು, ನಮ್ಮ ಮನೆಯಲ್ಲಿ ಮುತ್ತು ಎಲ್ಲಿವೆ ತೋರಿಸು ಎನ್ನುತ್ತಿದ್ದೆ.

ಎರಡನೆಯ ಮಹಾಯುದ್ಧ ಶುರುವಾದ ಹೊಸತು. ಅಪ್ಪ ಎಷ್ಟೋ ವರ್ಷಗಳ ಹಿಂದೆ ಧಾರವಾಡದ ಕಡೆಯಿಂದ ಬಂದು ಪುಣೆಯ ಹತ್ತಿರದ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ನಾನು ಪುಣೆಯಲ್ಲೇ ಬೆಳೆದು, ಕಾಲೇಜಿನಲ್ಲಿ ವಿಜ್ಞಾನ ಓದಿ, ಮದುವೆಯಾಗದೆ ಕೂತವಳು. ನದಿಯ ಆಚೆ, ಊರಿನಿಂದ ದೂರ, ಅಂಟುರೋಗದವರಿಗೆಂದು ಒಂದು ಚಿಕ್ಕ ಆಸ್ಪತ್ರೆ ಇತ್ತು. ಅಲ್ಲಿ ಪ್ಲೇಗಿನ ಹೊಸ ಔಷಧಿಯೊಂದನ್ನು ಪರೀಕ್ಷಿಸಿ ನೋಡುತ್ತಿದ್ದರು. ಅದರ ಪ್ರಯೋಗಶಾಲೆಗೆ ಒಬ್ಬ ಸಹಾಯಕಿ ಬೇಕಾಗಿತ್ತು. ಗಂಡಸರು ಯಾರೂ ಅರ್ಜಿ ಹಾಕಿರಲಿಲ್ಲವಾದ್ದರಿಂದ ಕೆಲಸ ನನಗೆ ಸಿಕ್ಕಿತು.

ಔಷಧಿ ಎಂದರೆ ಬಿಳಿ ಪುಡಿ. ಸಲ್ಫಾ ಎಂಬ ಒಂದು ಮೂಲ ಪದಾರ್ಥ. ಅದರ ತುದಿಗೆ ಒಂದೊಂದು ಸಲ ಒಂದೊಂದು ಬಾಲ ಕಟ್ಟಿ ಬೇರೆ ಬೇರೆ ಪುಡಿ ಮಾಡುವವರು ಒಬ್ಬ ರಸಾಯನದ ಪಂಡಿತರು. ಅವರು ಬೇರೆ ಕಟ್ಟಡದಲ್ಲಿದ್ದರು, ಅವರನ್ನು ನಾನು ನೋಡಿದ್ದು ಕಡಿಮೆ. ಹದಿಮೂರು ಪುಡಿ ಬಿಳಿ ಇಲಿಗಳ ಮೇಲೇ ಸೋತಿದ್ದವು. ಹದಿನಾಲ್ಕನೆಯದು ಇಲಿಗಳನ್ನು ಬದುಕಿಸಿತು. ಅದು ಮನುಷ್ಯರನ್ನೂ ಬದುಕಿಸುತ್ತದೆಯೇ ಎಂದು ನೋಡುವುದು ನಮ್ಮ ಡಾಕ್ಟರ ಕೆಲಸ. ಮರಾಠಿಯವರು, ತೆಳ್ಳಗೆ, ನಗುವುದಕ್ಕೂ ಸಮಯ ನೋಡಿಕೊಂಡು ನಗುವವರು. ನನ್ನನ್ನು ಮರಾಠಿಯ ಮರ್ಯಾದೆಯಲ್ಲಿ 'ಬಾಯಿ' ಎಂದು ಕರೆಯುತ್ತಿದ್ದರು.

ವಾರ್ಡು ಎಂದರೆ ಉದ್ದನೆಯ ತಗಡಿನ ಶೆಡ್ಡು. ಹನ್ನೆರಡು ಹಾಸಿಗೆ, ಒಂದೊಂದು ಹಾಸಿಗೆಗೆ ಒಂದೊಂದು ಕಿಟಕಿ, ಹೊರಗೆ ಉದ್ದಕ್ಕೂ ಜಗಲಿ. ಕಿಟಕಿಯ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಒಂದು, ಮೂರು, ಐದು, ಹೀಗೆ ಬೆಸ ಸಂಖ್ಯೆಯ ಹಾಸಿಗೆಗೆ ಬಂದವರಿಗೆ ಹೊಸ ಪುಡಿ. ಎರಡು, ನಾಲ್ಕು, ಆರರವರಿಗೆ ಹಳೆಯ ಉಪಚಾರ. ಯಾರು ಯಾವ ಹಾಸಿಗೆಗೆ ಬರುತ್ತಾರೆ ಎಂಬುದು ಗೇಟಿಗೆ ಯಾರು ಮೊದಲು ಬಂದರು ಎನ್ನುವುದರ ಮೇಲೆ. ಇದೆಂಥ ನ್ಯಾಯ ಎಂದು ಮೊದಲ ವಾರವೇ ನಾನು ಡಾಕ್ಟರ ಮೇಲೆ ಹರಿಹಾಯ್ದೆ.

"ಎಲ್ಲರಿಗೂ ಕೊಟ್ಟರೆ, ಬದುಕಿಸಿದ್ದು ಪುಡಿಯೋ ದೇವರೋ ಹೇಗೆ ಗೊತ್ತಾಗಬೇಕು, ಬಾಯಿ?" ಎಂದರು ಅವರು.

ಉತ್ತರ ಸರಿಯಾಗಿತ್ತು. ಅದು ಸರಿಯಾಗಿದ್ದುದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಹೆಸರುಗಳನ್ನು ಅವರು ನಮ್ಮ ರಿಜಿಸ್ಟರಿಗೆ ಬರಗೊಡಲಿಲ್ಲ. ಹೆಸರು ಗೊತ್ತಾದರೆ ಮನುಷ್ಯನ ಮೇಲೆ ಮಮತೆ ಬರುತ್ತದೆ, ಮಮತೆ ಬಂದರೆ ಕಣ್ಣು ಮೋಸ ಮಾಡುತ್ತದೆ, ಇರುವ ಚುಕ್ಕಿಗಳನ್ನೂ ಎಣಿಸುವುದಿಲ್ಲ ಎನ್ನುತ್ತಿದ್ದರು. ಕಿಟಕಿಯ ನಂಬರೇ ರೋಗಿಯ ಹೆಸರು. ನಾನೂ ಒಪ್ಪಿಕೊಂಡೆ. ನಂಬರುಗಳಿಗೆ ಹೆಂಡತಿ ಮಕ್ಕಳು ಇರುವುದಿಲ್ಲವಾದ್ದರಿಂದ ನನಗೂ ಅದು ಅನುಕೂಲವೇ ಆಗಿತ್ತು.

ಚುಕ್ಕಿ ಎಂದೆನಲ್ಲ, ಅದನ್ನು ಹೇಳಬೇಕು. ನರ್ಸು ದಿನಾ ಬೆಳಿಗ್ಗೆ ಪ್ರತಿಯೊಬ್ಬರಿಂದ ಒಂದಿಷ್ಟು ರಕ್ತ ತೆಗೆದು ಕೊಡುತ್ತಿದ್ದಳು. ಅದನ್ನು ನಾನು ಅಂಗೈಯಗಲದ ಗಾಜಿನ ತಟ್ಟೆಗಳಲ್ಲಿ ಹೆಪ್ಪುಗಟ್ಟಿಸಿದ ಸಾರಿನ ಮೇಲೆ ಸವರಿ, ಮುಚ್ಚಿ, ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಡುತ್ತಿದ್ದೆ. (ಅದು ಮಾಂಸದ ಸಾರು ಎಂದು ಅವ್ವನಿಗೆ ಗೊತ್ತಾಗಿದ್ದರೆ ಹಿತ್ತಲ ಬಾಗಿಲೂ ಮುಚ್ಚುತ್ತಿತ್ತು.) ಎರಡು ದಿನ ಕಳೆದರೆ ತಟ್ಟೆಯ ಮೇಲೆ ಮಂಜಿನ ಹನಿಯಂಥ ಚುಕ್ಕಿಗಳು ಮೂಡುತ್ತಿದ್ದವು. ಒಂದೊಂದು ಚುಕ್ಕಿಯೂ ರಕ್ತದಲ್ಲಿದ್ದ ಒಂದು ಪ್ಲೇಗಿನ ಕ್ರಿಮಿಯ ಸಂಸಾರ. ಚುಕ್ಕಿ ಇಲ್ಲದವರು ಬಹುಮಟ್ಟಿಗೆ ಬದುಕುತ್ತಿದ್ದರು. ಬೆರಳೆಣಿಕೆಯಷ್ಟು ಇದ್ದರೆ ಹೇಳಲಾಗದು. ಎಣಿಸಲಾಗದಷ್ಟು ಇದ್ದರೆ ಹೇಳುವುದೇ ಬೇಡ.

ಮೊದಮೊದಲು ಇದು ನನಗೆ ಹೆಮ್ಮೆಯ ವಿಷಯವಾಗಿತ್ತು. ಮನುಷ್ಯ ಹಾಲು ಕುಡಿಯುತ್ತಿರುತ್ತಾನೆ, ನರ್ಸಿನ ಜೊತೆ ಮಾತಾಡುತ್ತಿರುತ್ತಾನೆ. ನನ್ನ ಕೈಯಲ್ಲಿ ಅವನ ತಟ್ಟೆ ಇರುತ್ತದೆ, ಅವನು ನಾಳೆ ಇರುವುದಿಲ್ಲ ಎಂದು ನನಗೆ ಗೊತ್ತಿರುತ್ತದೆ. ಬರಬರುತ್ತಾ ಹೆಮ್ಮೆ ಹೋಗಿ ಕೈ ತಣ್ಣಗಾಗತೊಡಗಿತು. ತಟ್ಟೆ ಯಾವಾಗಲೂ ಮನುಷ್ಯನಿಗಿಂತ ಎರಡು ದಿನ ಹಿಂದೆ. ಬುಧವಾರ ಸತ್ತವನ ರಕ್ತ ಶುಕ್ರವಾರದವರೆಗೂ ನನ್ನ ಪೆಟ್ಟಿಗೆಯಲ್ಲಿ ಬೆಳೆಯುತ್ತಿತ್ತು. ಹೊರಗೆ ಹೊಳೆಯ ದಂಡೆಯಲ್ಲಿ ಅವನ ಬೂದಿ ಆರಿರುತ್ತಿತ್ತು, ಒಳಗೆ ನಾನು ಅವನ ನಂಬರು ಓದಿ ಅವನ ಚುಕ್ಕಿ ಎಣಿಸುತ್ತಿದ್ದೆ. ಕೆಲವು ಬೆಳಿಗ್ಗೆ ಪೆಟ್ಟಿಗೆಯ ಬಾಗಿಲು ತೆಗೆಯುವ ಮೊದಲು ಕೆಮ್ಮುತ್ತಿದ್ದೆ, ಒಳಗೆ ಯಾರೋ ಇರುವ ಹಾಗೆ.

ಬೇಲಿಯ ಆಚೆ ರೋಗಿಗಳ ಮನೆಯವರು ಕಾದಿರುತ್ತಿದ್ದರು. ನಾನು ತಟ್ಟೆಗಳ ತಬಕು ಹಿಡಿದು ಜಗಲಿಗೆ ಬಂದ ಕೂಡಲೇ ಹೆಂಗಸರು ಸೆರಗು ಮುಂದೆ ಎಳೆದು ಮುಖ ತಿರುಗಿಸುತ್ತಿದ್ದರು. ಯಾಕೆ ಎಂದು ನರ್ಸನ್ನು ಕೇಳಿದರೆ ಅವಳು ಹೇಳಲೋ ಬೇಡವೋ ಎಂದು ಹೇಳಿದಳು: ನನಗೆ ಅವರು ಸಟವಾಯಿ ಎಂದು ಹೆಸರಿಟ್ಟಿದ್ದರಂತೆ. ಮಗು ಹುಟ್ಟಿದ ಆರನೆಯ ದಿನ ಬಂದು ಹಣೆಬರಹ ಬರೆದು ಹೋಗುವ ದೇವತೆ. ನಾನು ಗಟ್ಟಿಯಾಗಿ ನಕ್ಕೆ. ಬರೆಯುವವಳು ನಾನಲ್ಲ, ಓದುವವಳು ಎಂದೆ. ಆದರೆ ಆಮೇಲಿಂದ ತಬಕು ಹಿಡಿದು ಹೋಗುವಾಗ ಬೇಲಿಯ ಕಡೆ ನೋಡುತ್ತಿರಲಿಲ್ಲ.

ಇನ್ನೊಂದು ವಿಚಿತ್ರ. ಪುಡಿ ತಿಂದವರ ತುಟಿ, ಉಗುರು ನೀಲಿಗೆ ತಿರುಗುತ್ತಿದ್ದವು. ಅದು ಔಷಧಿಯ ಗುಣ, ಅಪಾಯವಿಲ್ಲ ಎಂದು ಡಾಕ್ಟರಿಗೆ ಗೊತ್ತಿತ್ತು. ನೋಡುವವರಿಗೆ ಗೊತ್ತಿರಲಿಲ್ಲ. ಜ್ವರದಿಂದ ಕೆಂಪಗೆ ಹೊಳೆಯುತ್ತಿದ್ದ ಎರಡು, ನಾಲ್ಕನೆಯ ಕಿಟಕಿಯವರು ಜೀವಂತವಾಗಿ ಕಾಣುತ್ತಿದ್ದರು, ಸಾಯುತ್ತಿದ್ದರು. ಹೆಣದ ಹಾಗೆ ನೀಲಿಯಾಗಿ ಮಲಗಿದ ಒಂದು, ಐದನೆಯವರು ಕಣ್ಣು ತೆರೆದು ನೀರು ಕೇಳುತ್ತಿದ್ದರು. ಆ ಶೆಡ್ಡಿನಲ್ಲಿ ಯಾರು ಯಾವ ದಡದಲ್ಲಿದ್ದಾರೆ ಎಂದು ಕಣ್ಣಿಂದ ಹೇಳುವ ಹಾಗಿರಲಿಲ್ಲ. ತಟ್ಟೆಯನ್ನೇ ನಂಬಬೇಕಾಗಿತ್ತು.

ಡಾಕ್ಟರಿಗೆ ತಟ್ಟೆಯನ್ನೂ ಮುಖವನ್ನೂ ಒಟ್ಟಿಗೇ ನೋಡುವ ಅಭ್ಯಾಸ. ಆದ್ದರಿಂದ ದಿನಾ ಬೆಳಿಗ್ಗೆ ನಾವಿಬ್ಬರೂ ಜಗಲಿಯಲ್ಲಿ ಕಿಟಕಿಯಿಂದ ಕಿಟಕಿಗೆ ನಡೆಯುತ್ತಿದ್ದೆವು. ಪ್ರತಿ ಕಿಟಕಿಯ ಹೊರಗೆ ನಿಂತು ನಾನು ಆ ನಂಬರಿನ ತಟ್ಟೆ ಎತ್ತಿ ಬೆಳಕಿಗೆ ಹಿಡಿಯಬೇಕು, ಅವರು ಒಳಗೆ ಇಣುಕಿ ನೋಡಿ ಬರೆದುಕೊಳ್ಳಬೇಕು. ಮನೆಯ ಹೊಸ್ತಿಲು ದಾಟಿದರೆ ನನಗೆ ಮರಾಠಿ. ಪುಸ್ತಕ ತೆರೆದರೆ ಇಂಗ್ಲಿಷು. ಆದರೆ ಎಣಿಕೆ ಮಾತ್ರ ಯಾವತ್ತೂ ಕನ್ನಡ. ಮನುಷ್ಯರೆಲ್ಲ ಹಾಗೆಯೇ ಇರಬೇಕು, ಎಷ್ಟು ಭಾಷೆ ಕಲಿತರೂ ಎಣಿಸುವುದು ಅವ್ವನ ಭಾಷೆಯಲ್ಲಿ. ಮೊದಲ ದಿನ ನಾನು ಒಂದನೆಯ ತಟ್ಟೆ ಎತ್ತುವಾಗ, ಅವ್ವ ಜೋಳ ಅಳೆಯುವಾಗ ಒಂದು ಎನ್ನುವ ಬದಲು ಹೇಳುವಂತೆ 'ಲಾಭ' ಎಂದುಬಿಟ್ಟಿದ್ದೆ. ಅವರಲ್ಲೂ ಅದೇ ಪದ್ಧತಿ ಇದ್ದುದರಿಂದ ಡಾಕ್ಟರು ನಕ್ಕಿದ್ದರು. ಆಮೇಲೆ ಲಾಭ ಬಿಟ್ಟೆ, ಕನ್ನಡ ಬಿಡಲಿಲ್ಲ. ಎರಡು ಎಂದು ನನಗೆ ನಾನೇ ಹೇಳಿಕೊಂಡು, ಆಮೇಲೆ ಅವರಿಗೆ 'ದೋನ್' ಎನ್ನುತ್ತಿದ್ದೆ.

ಏಳನೆಯ ಕಿಟಕಿಗೆ ಆತ ಬಂದದ್ದು ಒಂದು ಸೋಮವಾರ. ಧಾನ್ಯದ ಪೇಟೆಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಅಂಗಡಿಯಲ್ಲಿ ಇಲಿ ಸತ್ತು ಬಿದ್ದಿದ್ದವು. ಮೂವತ್ತರ ಒಳಗಿನ ವಯಸ್ಸು, ತೊಡೆಯ ಸಂದಿನಲ್ಲಿ ನಿಂಬೆಹಣ್ಣಿನ ಗಾತ್ರದ ಗಡ್ಡೆ, ಮೈ ಕಾದ ಹಂಚು. ಅವನ ಮೊದಲ ತಟ್ಟೆ ಬುಧವಾರ ಹೊರಗೆ ಬಂತು. ಚುಕ್ಕಿ ಅಲ್ಲ, ತಟ್ಟೆಯ ತುಂಬ ಮಬ್ಬು. ಇಂಥ ತಟ್ಟೆಯ ಒಡೆಯ ಬದುಕಿದ್ದನ್ನು ನಾನು ನೋಡಿರಲಿಲ್ಲ. ನಾನು ಅವನನ್ನು ಮನಸ್ಸಿನಲ್ಲಿ ಆಗಲೇ ದಾಟಿಸಿಬಿಟ್ಟೆ. ಮರುದಿನ ಡಾಕ್ಟರು ಇಣುಕಿ ನೋಡಿದರೆ ನೀಲಿ ತುಟಿಯ ಮನುಷ್ಯ ಉಸಿರಾಡುತ್ತಿದ್ದ. ಗುರುವಾರದ ತಟ್ಟೆಯಲ್ಲಿ ಚುಕ್ಕಿಗಳನ್ನು ಬಿಡಿಬಿಡಿಯಾಗಿ ನೋಡಬಹುದಾಗಿತ್ತು. ಶುಕ್ರವಾರ ಇನ್ನೂ ಕಡಿಮೆ.

ಡಾಕ್ಟರು ಆ ದಿನ ತಟ್ಟೆಯನ್ನು ನನ್ನ ಕೈಯಿಂದ ಇಸಿದುಕೊಂಡು ತಾವೇ ಎಣಿಸಿದರು. ತುಂಬಿದ ತಟ್ಟೆಯಿಂದ ಕೆಳಗೆ ಇಳಿದವನು ಇವನೇ ಮೊದಲಿಗ. ಇವನು ಬದುಕಿದರೆ ಪುಡಿಯ ಮೇಲೆ ಯಾರೂ ಅನುಮಾನ ಪಡುವ ಹಾಗಿಲ್ಲ, ಆಮೇಲೆ ಎಲ್ಲ ಕಿಟಕಿಗೂ ಅದನ್ನೇ ಕೊಡಬಹುದು ಎಂದರು. ನನಗೆ ಆ ಕ್ಷಣದಿಂದ ಏಳನೆಯವನು ಸಾಯಕೂಡದು ಎಂಬುದೊಂದೇ ಹಟ. ಹೆಸರಿಲ್ಲದಿದ್ದರೂ ಮಮತೆ ಬರುತ್ತದೆ ಎಂದು ಡಾಕ್ಟರಿಗೆ ಹೇಳಲಿಲ್ಲ.

ಭಯ ಇದ್ದದ್ದು ಗುಂಡಿಗೆಯದು. ಪ್ಲೇಗಿನ ವಿಷ ಗುಂಡಿಗೆಯನ್ನು ಮೆತ್ತಗೆ ಮಾಡಿ ಹೋಗಿರುತ್ತದೆ. ಜ್ವರ ಇಳಿಯಿತು, ವಾಸಿಯಾದೆ ಎಂದುಕೊಂಡು ರೋಗಿ ಎದ್ದು ಕೂತರೆ ಅಲ್ಲೇ ಮುಗಿಯಬಹುದು. ಹಿಂದಿನ ತಿಂಗಳು ಮೂರನೆಯ ಕಿಟಕಿಯವನು ಹಾಲಿನ ಬಟ್ಟಲಿಗೆ ಕೈ ಚಾಚಿ ಎದ್ದು ಹಾಗೇ ಹೋಗಿದ್ದ. ಏಳನೆಯವನಿಗೆ ಡಾಕ್ಟರ ಕಟ್ಟಪ್ಪಣೆ: ಎರಡು ವಾರ ತಲೆ ದಿಂಬಿನಿಂದ ಏಳಕೂಡದು. ಹಾಲು, ನೀರು, ಎಲ್ಲ ಮಲಗಿದ ಹಾಗೇ.

ಶುಕ್ರವಾರ ಮಧ್ಯಾಹ್ನ ಬೇಲಿಯ ಹತ್ತಿರ ಒಬ್ಬ ಹೆಂಗಸು ನನ್ನನ್ನು ತಡೆದಳು. ಉಳಿದವರ ಹಾಗೆ ಮುಖ ತಿರುಗಿಸಲಿಲ್ಲ. ಇಳಕಲ್ ಸೀರೆ ಉಟ್ಟಿದ್ದಳು. ಅದನ್ನು ನೋಡಿಯೇ ನಾನು ಕನ್ನಡದಲ್ಲಿ ಮಾತಾಡಿಸಿದೆ. ಆಕೆಗೆ ಕಣ್ಣಲ್ಲಿ ನೀರೇ ಬಂತು. ಏಳನೆಯವನ ಹೆಂಡತಿ. ಬೈಲಹೊಂಗಲದ ಕಡೆಯವರು, ಪುಣೆಗೆ ಬಂದು ವರ್ಷವೂ ಆಗಿರಲಿಲ್ಲ, ಮರಾಠಿ ಇಬ್ಬರಿಗೂ ಅರೆಬರೆ. ಏಳನೆಯವನು ಕನ್ನಡದವನು ಎಂದು ನನಗೆ ಗೊತ್ತಾದದ್ದು ಆಗಲೇ. ಕಿಟಕಿಯ ಒಳಗೆ ನೋಡುವುದು ಡಾಕ್ಟರ ಕೆಲಸ, ನಾನು ತಟ್ಟೆ ನೋಡುವವಳು. ಅವನ ದನಿಯನ್ನೇ ಕೇಳಿರಲಿಲ್ಲ.

"ಅಕ್ಕಾರ, ನಮ್ಮ ಮನಿಯವ್ರನ್ನ ಯಾರೋ ಕರೀಲಿಕ್ಕೆ ಹತ್ಯಾರಂತ್ರಿ" ಎಂದಳು.

ಮಧ್ಯಾಹ್ನದ ಹೊತ್ತು ಮನೆಯವರಿಗೆ ಜಗಲಿಯ ಮೆಟ್ಟಿಲವರೆಗೆ ಬಂದು ಮಾತಾಡಲು ಬಿಡುತ್ತಿದ್ದರು. ಅವನು ಆಕೆಗೆ ಹೇಳಿದ್ದನಂತೆ. ದಿನಾ ಮುಂಜಾನೆ ಒಂದು ಹೆಣ್ಣುದನಿ ಬಂದು, ತಲೆಯ ಹತ್ತಿರವೇ ನಿಂತು, ಮೆಲ್ಲಗೆ 'ಏಳು' ಎನ್ನುತ್ತದಂತೆ. ಕಣ್ಣು ತೆರೆದರೆ ಬರೀ ಬಿಸಿಲು. ಆಮೇಲೆ ಹೆಜ್ಜೆ ಸಪ್ಪಳ ದೂರ ಹೋಗುತ್ತದಂತೆ.

"ಎಲ್ಲಾರೂ ಮಕ್ಕೊಂಡಿರತಾರ, ಇವ್ರನ್ನೊಬ್ಬರನ್ನ ಕರೀತದಂತ್ರಿ. ತುಟಿ ನೋಡ್ರಿ, ಕಪ್ಪಾಗ್ಯಾವ. ಅದು ಅವರನ್ನ ಕರಕೊಂಡ ಹೋಗೂದಕ್ಕ ಬಂದದ."

ಒಂದು ಗಳಿಗೆ ನಾನೂ ನಂಬಿಬಿಟ್ಟೆ. ನಂಬಿದ್ದಕ್ಕೆ ನಾಚಿಕೆಯಾಗಿ ಕೂಡಲೇ ದನಿ ಏರಿಸಿದೆ. "ಜ್ವರದ ತಲಿ ಅದು. ಜ್ವರಾ ಬಂದ್ರ ಗ್ವಾಡಿನೂ ಮಾತಾಡತಾವ. ತುಟಿ ಔಷಧದಿಂದ ಕಪ್ಪಾಗ್ಯಾವ, ಛಲೋ ಆಗೂ ಲಕ್ಷಣ."

"ಜ್ವರಾ ಇಳದದಲ್ರಿ? ಇವತ್ತೂ ಕರೀತಂತ್ರಿ."

ಅವನು ಎದ್ದುಬಿಟ್ಟಾನು ಎಂಬ ಹೆದರಿಕೆ ಆಕೆಗಿಂತ ನನಗೇ ಹೆಚ್ಚಾಯಿತು. ಗುಂಡಿಗೆಯ ಮಾತು ಆಕೆಗೆ ಹೇಳಿದರೆ ಅವನಿಗೆ ಮುಟ್ಟುತ್ತದೆ, ಅವನು ಹೆದರುತ್ತಾನೆ, ಹೆದರಿಕೆಯೂ ಗುಂಡಿಗೆಗೆ ಕೆಟ್ಟದ್ದೇ. ಆಗ ನನಗೊಂದು ಜಾಣತನ ಹೊಳೆಯಿತು. ಅವ್ವ ನಮಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದುದೇ: ದೆವ್ವ ಒಂದು ಸಲ ಮಾತ್ರ ಕರೆಯುತ್ತದೆ, ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ, ಮೂರನೆಯ ಸಲ ಕೇಳುವವರೆಗೆ ಓಗೊಡಬೇಡ. ನಾನು ಇದನ್ನು ನಂಬಿದವಳಲ್ಲ. ಆದರೆ ಮಲಗಿಸಿ ಇಡುವುದಕ್ಕೆ ಇದಕ್ಕಿಂತ ಒಳ್ಳೆಯ ಔಷಧಿ ಯಾವುದು?

"ಅವರಿಗೆ ಹೇಳ್ರಿ, ಮೂರು ಸಲಾ ಕರಿಯೋತನಕಾ ಏಳಬಾರದು ಅಂತ" ಎಂದೆ. "ಒಂದ ಸಲಾ ಕರದ್ರ ಅದು. ಸುಮ್ಮನ ಮಲಗಿರಬೇಕು. ತಾನ ಹೋಗತದ."

ಆಕೆಯ ಮುಖ ಅರಳಿತು. "ಹೌದ್ರಿ ಅಕ್ಕಾರ, ನನಗ್ಯಾಕ ಹೊಳೀಲಿಲ್ಲ" ಎಂದು ಮೆಟ್ಟಿಲಿಗೆ ಓಡಿದಳು. ಕಿಟಕಿಗೆ ಕೇಳುವ ಹಾಗೆ ಎರಡೆರಡು ಸಲ ಕೂಗಿ ಹೇಳಿದಳು. ಒಳಗಿನಿಂದ 'ಹೂಂ' ಎಂಬ ದನಿ ಬಂತು. ಡಾಕ್ಟರಿಗೆ ಈ ಕತೆ ಹೇಳಿದಾಗ ಅವರು ನಕ್ಕು, ರಸಾಯನದ ಪಂಡಿತರಿಗೂ ಇಂಥ ಬಾಲ ಸಿಕ್ಕಿರಲಿಲ್ಲ ಎಂದರು. ಆ ಸಂಜೆ ಮನೆಗೆ ಹೋಗುವಾಗ ಸೈಕಲ್ಲಿನ ಮೇಲೆ ನಾನು ಹಾಡು ಗುನುಗಿದ್ದು ನೆನಪಿದೆ.

ಶನಿವಾರ, ರವಿವಾರ ಏನೂ ಆಗಲಿಲ್ಲ. ಕರೆ ಬರುತ್ತಿತ್ತಂತೆ, ಒಂದೇ ಸಲ. ಅವನು ಕಣ್ಣು ಮುಚ್ಚಿ ಮಲಗೇ ಇರುತ್ತಿದ್ದನಂತೆ. ದನಿಯೂ ಹೋಗುತ್ತಿತ್ತಂತೆ. ನೀವು ಹೇಳಿದ ಉಪಾಯ ನಾಟಿತು ಎಂದು ಆಕೆ ಬೇಲಿಯಾಚೆಯಿಂದ ಕೈ ಮುಗಿದಳು. ತಟ್ಟೆಯಲ್ಲಿ ರವಿವಾರ ಮೂರು ಚುಕ್ಕಿ.

ಸೋಮವಾರ ಬೆಳಿಗ್ಗೆ ಪೆಟ್ಟಿಗೆ ತೆರೆದು ತಟ್ಟೆಗಳನ್ನು ತಬಕಿಗೆ ಜೋಡಿಸುವಾಗ ನಾನು ಯಾವುದನ್ನೂ ನೋಡಲಿಲ್ಲ. ಮೊದಲು ಡಾಕ್ಟರ ಎದುರು ನೋಡಬೇಕು ಎಂಬುದು ನಿಯಮ, ಅದನ್ನು ನಾನು ಮುರಿಯುತ್ತಿದ್ದೆ, ಆ ದಿನ ಮುರಿಯಲು ಧೈರ್ಯ ಬರಲಿಲ್ಲ. ಜಗಲಿಯಲ್ಲಿ ಎಳೆಬಿಸಿಲು. ಒಂದು, ಎರಡು, ಮೂರು. ನಾಲ್ಕನೆಯ ಹಾಸಿಗೆ ಖಾಲಿ, ತಟ್ಟೆ ಮಾತ್ರ ಇತ್ತು, ತುಂಬಿತ್ತು. ಐದು, ಆರು.

ಏಳನೆಯ ಕಿಟಕಿಯ ಹೊರಗೆ ನಿಂತು ತಟ್ಟೆ ಎತ್ತಿದೆ. "ಏಳು" ಎಂದುಕೊಂಡೆ, ದಿನದ ಹಾಗೇ, ಮೆಲ್ಲಗೆ. ಬೆಳಕಿಗೆ ಹಿಡಿದೆ. ತಟ್ಟೆಯಲ್ಲಿ ಏನೂ ಇರಲಿಲ್ಲ. ತೊಳೆದ ಗಾಜಿನ ಹಾಗೆ, ಒಂದೇ ಒಂದು ಚುಕ್ಕಿ ಇಲ್ಲ. ತಪ್ಪು ತಟ್ಟೆ ಎತ್ತಿದೆನೇ ಎಂದು ಅಂಚಿನ ನಂಬರು ನೋಡಿ, "ಏಳು" ಎಂದೆ, ಈ ಸಲ ಗಟ್ಟಿಯಾಗಿ. ಆಮೇಲೆ ಖುಷಿಯಲ್ಲಿ ನನ್ನ ಮೈಮೇಲೆ ನನಗೆ ಎಚ್ಚರ ತಪ್ಪಿತು. ಮರಾಠಿಯೂ ಮರೆತುಹೋಯಿತು. ಡಾಕ್ಟರ ಕಡೆ ತಿರುಗಿ ತಟ್ಟೆ ಎತ್ತಿ ತೋರಿಸುತ್ತಾ ಕೂಗಿದೆ: "ಏಳು!"

ಒಳಗೆ ಕಬ್ಬಿಣದ ಮಂಚ ಕಿರುಗುಟ್ಟಿತು.

ನಾನು ಕಿಟಕಿಯೊಳಗೆ ನೋಡಿದೆ. ಅವನು ಎದ್ದು ಕೂತಿದ್ದ. ಎರಡೂ ಕೈ ಹಾಸಿಗೆಗೆ ಊರಿ, ಬೆನ್ನು ನೆಟ್ಟಗೆ ಮಾಡಿ, ಶಾಲೆಯ ಹುಡುಗನ ಹಾಗೆ. ನೀಲಿ ತುಟಿಯಲ್ಲಿ ನಗುವಿತ್ತು. ನನ್ನನ್ನೇ ನೋಡುತ್ತಿದ್ದ, ಅಥವಾ ನನ್ನ ಹಿಂದಿನ ಬಿಸಿಲನ್ನು.

"ಎದ್ದೆನವಾ" ಎಂದ.

ನಮ್ಮ ಕಡೆ ಯಾವ ಹೆಂಗಸನ್ನಾದರೂ 'ಅವ್ವಾ' ಎನ್ನುತ್ತಾರೆ. ನನಗೇ ಹೇಳಿದ ಎಂದುಕೊಂಡೆ. ಮಲಗು ಎಂದು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ನಗು ಹಾಗೇ ಇದ್ದು ಕಣ್ಣು ಮಾತ್ರ ಬೇರೆ ಆಯಿತು, ಅವನು ಪಕ್ಕಕ್ಕೆ ವಾಲಿದ. ಡಾಕ್ಟರು ಓಡಿ ಒಳಗೆ ಹೋದರು. ಸೂಜಿ ಚುಚ್ಚಿದರು, ಎದೆ ಒತ್ತಿದರು. ನಾನು ಜಗಲಿಯಲ್ಲಿ ತಟ್ಟೆ ಹಿಡಿದೇ ನಿಂತಿದ್ದೆ. ಅದನ್ನು ಕೆಳಗಿಡಬೇಕು ಎಂದು ತೋಚಲಿಲ್ಲ.

ದಿನಾ ಮುಂಜಾನೆ ಬಂದು ಅವನ ತಲೆಯ ಹತ್ತಿರ ನಿಲ್ಲುತ್ತಿದ್ದ ಆ ಹೆಣ್ಣುದನಿ ಯಾರದು ಎಂದು ಆಗ ನನಗೆ ತಿಳಿಯಿತು.

ಮಧ್ಯಾಹ್ನ ಡಾಕ್ಟರಿಗೆ ಎಲ್ಲ ಹೇಳಿದೆ. ಕನ್ನಡದಲ್ಲಿ ಏಳು ಎಂದರೆ ಸಾತ್. ಏಳು ಎಂದರೆ ಊಠ್ ಎಂದೂ ಅರ್ಥ. ಎರಡಕ್ಕೂ ಒಂದೇ ಶಬ್ದ. ಅವನನ್ನು ಎಬ್ಬಿಸಿದವಳು ನಾನು. ಅವರು ರಿಜಿಸ್ಟರು ತೆಗೆದು ಏಳರ ಎದುರು 'ಮರಣ, ಹೃದಯ' ಎಂದು ಬರೆದರು. ಪುಡಿಯ ತಪ್ಪಲ್ಲ ಎಂದೂ ಬರೆಯಿರಿ ಎಂದು ನಾನು ಜಗಳಕ್ಕೆ ನಿಂತೆ. ಏನೆಂದು ಬರೆಯಲಿ, ಬಾಯಿ, ಇದಕ್ಕೆ ಕಾಲಂ ಎಲ್ಲಿದೆ ಎಂದರು. ಬೆಸ ಸಂಖ್ಯೆಯ ಸಾಲಿನಲ್ಲಿ ಇನ್ನೊಂದು ಸಾವು ಸೇರಿತು. ತುಂಬಿದ ತಟ್ಟೆಯಿಂದ ಇಳಿದವನೂ ಉಳಿಯಲಿಲ್ಲ ಎಂದಾದ ಮೇಲೆ ಎರಡು, ನಾಲ್ಕು, ಆರರವರಿಗೆ ಆ ಚಳಿಗಾಲ ಪುಡಿ ಸಿಗಲಿಲ್ಲ. ಪಂಡಿತರು ಹದಿನೈದನೆಯ ಬಾಲ ಹುಡುಕಲು ಹೋದರು.

ಇಷ್ಟಕ್ಕೇ ಮುಗಿಯಲಿಲ್ಲ. 'ಏಳು' ಎಂದು ಬರೆದ ಇನ್ನೆರಡು ತಟ್ಟೆ ಪೆಟ್ಟಿಗೆಯಲ್ಲಿದ್ದವು, ರವಿವಾರದ್ದೂ ಸೋಮವಾರದ್ದೂ. ಮಂಗಳವಾರ ಒಂದು ತೆಗೆದೆ, ಶುಭ್ರವಾಗಿತ್ತು. ಬುಧವಾರ ಇನ್ನೊಂದು, ಅದೂ ಶುಭ್ರ. ಮನುಷ್ಯ ಸುಟ್ಟು ಬೂದಿಯಾಗಿದ್ದ, ಅವನ ರಕ್ತ ವಾಸಿಯಾಗುತ್ತಲೇ ಇತ್ತು. ಖಾಲಿ ಹಾಸಿಗೆಯ ಕಿಟಕಿಯ ಹೊರಗೆ ನಿಂತು ಅವನ್ನು ಬೆಳಕಿಗೆ ಹಿಡಿದು ತೋರಿಸಿದೆ. ಬಾಯಿ ತೆರೆಯಲಿಲ್ಲ.

ಬುಧವಾರ ಮಧ್ಯಾಹ್ನ ಆತನ ಹೆಂಡತಿ ಬಂದಳು. ರೋಗಿಗಳ ಬಟ್ಟೆಬರೆಯನ್ನೆಲ್ಲ ಸುಡುತ್ತಿದ್ದರು. ಕುದಿಸಿ ಕೊಡಬಹುದಾದದ್ದು ಒಂದು ಹಿತ್ತಾಳೆಯ ತಂಬಿಗೆ ಮಾತ್ರ. ಅದನ್ನು ಒಯ್ಯಲು ಬಂದಿದ್ದಳು. ಆಕೆಯ ಅಣ್ಣ ಊರಿನಿಂದ ಬಂದಿದ್ದ, ಗೇಟಿನ ಹತ್ತಿರ ನಿಂತಿದ್ದ. ನಾನು ತಂಬಿಗೆ ಕೊಟ್ಟು ತಿರುಗುವವಳಿದ್ದೆ.

"ಅಕ್ಕಾರ, ಒಂದ ಮಾತ ಕೇಳತೀನ್ರಿ. ಆವತ್ತ ಎಷ್ಟ ಸಲಾ ಕರೀತ್ರಿ?"

ಒಂದು ಸಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ದೆವ್ವ ಒಯ್ಯಿತು ಎಂದು ಅತ್ತು ಊರಿಗೆ ಹೋಗುತ್ತಿದ್ದಳು. ಆ ಸುಳ್ಳು ನನ್ನ ಬಾಯಿಯ ತುದಿಗೆ ಬಂದಿತ್ತು. ನನಗಿಂತ ಮುಂದೆ ಓಡುವ ನಾಲಿಗೆ ಆವತ್ತು ಮಾತ್ರ ಓಡಲಿಲ್ಲ.

"ಮೂರು ಸಲ."

"ಹಂಗಾದ್ರ ಮನಷ್ಯಾರು" ಎಂದಳು. ಆಮೇಲೆ, "ಯಾರ್ರಿ?"

"ನಾನು."

ಆಕೆಗೆ ತಿಳಿಯುವ ಹಾಗೆ ಹೇಳಿದೆ. ಕಿಟಕಿಗಳಿಗೆ ನಂಬರು ಇವೆ, ನಿಮ್ಮವರ ಕಿಟಕಿ ಏಳನೆಯದು, ನಾನು ಎಣಿಸುತ್ತಿದ್ದೆ, ಕರೆಯುತ್ತಿರಲಿಲ್ಲ. ಆ ದಿನ ಅವರಿಗೆ ಪೂರಾ ವಾಸಿಯಾಗಿತ್ತು, ಖುಷಿಗೆ ಮೂರು ಸಲ ಅಂದುಬಿಟ್ಟೆ. ಕ್ಷಮಿಸಿ ಎನ್ನಬೇಕು ಎಂದುಕೊಂಡಿದ್ದೆ. ಅಷ್ಟು ಚಿಕ್ಕ ಮಾತು ಆಡಲು ನಾಚಿಕೆಯಾಯಿತು. ಆಕೆ ತಂಬಿಗೆಯನ್ನು ಸೆರಗಿನಿಂದ ಒರೆಸುತ್ತಿದ್ದಳು, ಅದು ಒಣಗಿಯೇ ಇತ್ತು.

"ನಂಬರ ಬಿಟ್ಟು ಹೆಸರು ಹಿಡಿದು ಕರದಿದ್ರ ಏಳತಿದ್ದಿಲ್ಲ ಅವ್ರು" ಎಂದಳು.

"ಅವರ ಹೆಸರು ನನಗ ಗೊತ್ತಿದ್ದಿಲ್ಲ."

"ನನಗ ಗೊತ್ತದ. ಆದ್ರ ನಾನೂ ಒಂದ ದಿನಾ ಹೆಸರು ಹಿಡಿದು ಕರದಾಕಿ ಅಲ್ಲ." ತಂಬಿಗೆಯ ಕಂಠವನ್ನು ಮತ್ತೊಮ್ಮೆ ಒರೆಸಿದಳು. "ಮನ್ಯಾಗ ನಾ ಏಳ್ರಿ ಅಂತಿದ್ದೆ. ಅಂಗಡ್ಯಾಗೂ ಎಲ್ಲಾರೂ ರೀ ಅಂತಾರ ಅವರಿಗೆ. ಏಳು ಅಂತ ಎಬ್ಬಸ್ತಿದ್ದಾಕಿ ನಮ್ಮ ಅತ್ತಿ ಒಬ್ಬಾಕಿನ. ಆಕಿ ತೀರಿಕೊಂಡು ಆರು ವರ್ಷ ಆತು."

ಆಮೇಲೆ ಆಕೆಯೇ ಬೇಲಿಯ ಹತ್ತಿರಕ್ಕೆ ಬಂದು ಕೇಳಿದಳು.

"ಎದ್ದಾಗ ಏನರ ಅಂದ್ರೇನ್ರಿ?"

"ಎದ್ದೆನವಾ ಅಂದ್ರು."

ಆಕೆ ತಲೆಯಾಡಿಸಿದಳು, ಬಹಳ ದಿನದಿಂದ ಗೊತ್ತಿದ್ದ ಸಂಗತಿಯನ್ನು ಕೇಳಿದ ಹಾಗೆ. "ನಕ್ಕೋತ ಅಂದ್ರೇನು?"

"ಹೌದ್ರಿ. ನಗತಿದ್ರು."

"ಮೂರು ಸಲಾ ಕರದಾಳಲ್ಲ, ಅವ್ವ ಖರೇನ ಬಂದಾಳಂತ ತಿಳಕೊಂಡ್ರು" ಎಂದಳು. ನನಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೆ ನಾನು ಬದುಕಿದ ಹಾಗಾಗುತ್ತಿತ್ತು. ತಂಬಿಗೆಯನ್ನು ಸೊಂಟಕ್ಕೆ ಇಟ್ಟುಕೊಂಡು ಗೇಟಿನ ಕಡೆ ನಡೆದಳು. ಅಣ್ಣ ಅದನ್ನು ಇಸಿದುಕೊಳ್ಳಲು ಕೈ ಚಾಚಿದ, ಕೊಡಲಿಲ್ಲ.